ಗಣಕದ ಚೌಕವೂ ನಮ್ಮ ಒಪ್ಪಿಗೆಯೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ, ಶಾಲೆಯ ಹಳೆಯ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಹಲವರಿದ್ದಾರೆ, ನಾನು ನನ್ನ ಕಸುಬಿನ ಕುರಿತೇ ನಾಲ್ಕು ಮಾತು ಬರೆಯುತ್ತೇನೆ ಎಂದು ಬಿನ್ನವಿಸಿಕೊಂಡೆ. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ವೃತ್ತಿ. ಅದರಲ್ಲಿಯೂ ಕಚೇರಿಯ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಗುಮಾಸ್ತರೂ ಲೆಕ್ಕಿಗರೂ ದಿನವಿಡೀ ತೆರೆದಿಟ್ಟುಕೊಳ್ಳುವ ತಂತ್ರಾಂಶಗಳ ಪರದೆಗಳನ್ನು ರೂಪಿಸುವುದೇ ಮೂರು ದಶಕಗಳಿಂದ ನನ್ನ ಪಾಲಿಗೆ ಬಂದ ಕೆಲಸ. ಆ ಪರದೆಯ ಮೇಲಿನ ಅತಿ ಚಿಕ್ಕ ವಸ್ತುವೊಂದನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಅದೇ ಚೆಕ್ ಬಾಕ್ಸ್. ಒಂದು ಪುಟ್ಟ ಚೌಕ, ಅದರ ಪಕ್ಕದಲ್ಲಿ ಒಂದು ವಾಕ್ಯ. ಮೌಸಿನಿಂದ ಒತ್ತಿದರೆ ಚೌಕದೊಳಗೆ ಗುರುತು ಬೀಳುತ್ತದೆ, ಇನ್ನೊಮ್ಮೆ ಒತ್ತಿದರೆ ಅಳಿಯುತ್ತದೆ. ಬ್ಯಾಂಕು, ಸಹಕಾರಿ ಸಂಘ, ಆಸ್ಪತ್ರೆ, ಶಾಲೆಯ ಕಚೇರಿ, ಎಲ್ಲಿಯಾದರೂ ಒಂದೆಡೆ ಇದನ್ನು ಕಾಣದವರು ಇಂದು ವಿರಳ.

ಇಷ್ಟು ಅಲ್ಪವಾದ ವಿಷಯಕ್ಕೆ ಸ್ಮರಣ ಸಂಚಿಕೆಯ ಪುಟಗಳೇಕೆ ಎಂದು ಕೇಳುವವರಿರಬಹುದು. ಗಡಿನಾಡಿನ ಕನ್ನಡಿಗರಾದ ನಾವು ಲೆಕ್ಕಕ್ಕೆ ಸಿಕ್ಕಿದರಷ್ಟೇ ಉಳಿಯುವ ಜನ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆದರೆ ಎಷ್ಟು ಮಕ್ಕಳಿಗೆ, ಎಷ್ಟು ಪುಸ್ತಕ, ಎಷ್ಟು ಮಂದಿ ಅಧ್ಯಾಪಕರು ಎಂಬುದೆಲ್ಲ ಕೊನೆಗೆ ಒಂದು ಪಟ್ಟಿಯ ಮೇಲೆ ನಿಲ್ಲುತ್ತದೆ. ಆ ಪಟ್ಟಿ ಹಿಂದೆ ಶಾಯಿಯಲ್ಲಿ ಬರೆದ ರಿಜಿಸ್ಟರಿನಲ್ಲಿತ್ತು. ಈಗ ಕಂಪ್ಯೂಟರಿನಲ್ಲಿದೆ, ಮತ್ತು ಅನೇಕ ಕಡೆ ಅದು ಈ ಚೌಕಗಳ ಮೂಲಕವೇ ಒಳಹೊಗುತ್ತದೆ. ಆದುದರಿಂದ ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಚೌಕದೊಳಗಿನ ಗುರುತು ಬಳಸುವವನ ಕೈಯಿಂದಲೇ ಬಿದ್ದುದಾಗಿರಬೇಕು. ಖಾಲಿ ಚೌಕವನ್ನು ಯಾರೂ 'ಇಲ್ಲ' ಎಂದ ಉತ್ತರವಾಗಿ ಎಣಿಸಕೂಡದು. ಕೇಳುವುದಕ್ಕೆ ಇದು ಸುಲಭವೆಂದು ತೋರಿದರೂ ಪ್ರೋಗ್ರಾಂ ಬರೆಯುವವರು ಇದನ್ನು ನಡೆಸಿಕೊಂಡು ಬರುವುದು ಅಷ್ಟು ಸುಲಭವಲ್ಲ.

ಮೊದಲು ಗುರುತಿನ ವಿಚಾರ. 1984ರಲ್ಲಿ ಬಂದ ಆ್ಯಪಲ್ ಕಂಪೆನಿಯ ಮ್ಯಾಕಿಂಟಾಷಿನಲ್ಲಿಯೂ 1990ರಲ್ಲಿ ಬಂದ ವಿಂಡೋಸ್ 3.0ರಲ್ಲಿಯೂ ಚೌಕವನ್ನು ಒತ್ತಿದಾಗ ಮೂಡುತ್ತಿದ್ದುದು ಕತ್ತರಿ ಗುರುತು, ಅಂದರೆ ಗುಣಾಕಾರದ ಚಿಹ್ನೆಯಂಥದ್ದು. ಅಮೆರಿಕದಲ್ಲಿ ಅರ್ಜಿ ತುಂಬುವವರು ಚೌಕದಲ್ಲಿ ಹಾಗೆಯೇ ಗೀಚುವುದು ವಾಡಿಕೆ. ನಮ್ಮಲ್ಲಿಯಾದರೋ ಮಾಸ್ತರರ ಕೆಂಪು ಶಾಯಿಯ ಕತ್ತರಿ ಗುರುತೆಂದರೆ ತಪ್ಪು. ಓರೆಯಾಗಿ ಮೇಲಕ್ಕೆ ಎಳೆದ ಗೆರೆಯೆಂದರೆ ಸರಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಚೇರಿಯ ಸಿಬ್ಬಂದಿಗೆ ಕಂಪ್ಯೂಟರ್ ಕಲಿಸುತ್ತಿದ್ದಾಗ ಹಿರಿಯ ಗುಮಾಸ್ತರೊಬ್ಬರು, "ಇದನ್ನು ಯಂತ್ರ ತಿರಸ್ಕರಿಸಿದೆಯಲ್ಲ, ಇನ್ನೇನು ಮಾಡಲಿ?" ಎಂದು ಕೇಳಿದ್ದು ನೆನಪಿದೆ. ಅವರು ಬೇಕೆಂದೇ ಒತ್ತಿದ ಚೌಕ ಅದು. ಯಂತ್ರ ಅವರ 'ಹೌದು' ಎಂಬುದನ್ನು 'ಅಲ್ಲ' ಎಂಬಂತೆ ಬರೆದು ತೋರಿಸುತ್ತಿತ್ತು. 1995ರಲ್ಲಿ ವಿಂಡೋಸ್ 95 ಬಂದಾಗ ಕತ್ತರಿ ಹೋಗಿ ನಮ್ಮ ಮಾಸ್ತರರ ಸರಿ ಗುರುತೇ ಚೌಕವನ್ನೇರಿತು. ನನಗಂತೂ ಆ ಆವೃತ್ತಿಯ ಬೇರೆಲ್ಲ ಸುಧಾರಣೆಗಳಿಗಿಂತ ಇದೇ ಹಿಡಿಸಿತೆಂದರೆ ಸ್ನೇಹಿತರು ನಗುತ್ತಾರೆ.

ಚೌಕಕ್ಕೆ ಒಬ್ಬ ದಾಯಾದಿ ಇದ್ದಾನೆ, ರೇಡಿಯೋ ಬಟನ್ ಎಂಬ ದುಂಡನೆಯವನು. ಹಳೆಯ ಕಾರುಗಳ ರೇಡಿಯೋದಲ್ಲಿ ಒಂದು ಗುಂಡಿಯನ್ನೊತ್ತಿದರೆ ಮತ್ತೊಂದು ಮೇಲೆ ಹಾರುತ್ತಿತ್ತಲ್ಲ, ಅದರಿಂದ ಬಂದ ಹೆಸರು. ಹಲವುಗಳಲ್ಲಿ ಒಂದನ್ನೇ ಆರಿಸಬೇಕಾದಲ್ಲಿ ದುಂಡು. ಎಷ್ಟನ್ನಾದರೂ ಆರಿಸಬಹುದಾದಲ್ಲಿ ಚೌಕ. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಕಾಸರಗೋಡಿನ ಈ ಸಪ್ತಭಾಷಾ ಸಂಗಮಭೂಮಿಯಲ್ಲಿ ಬೆಳೆದವನಿಗೆ ಆ ಒಂದು ಸಾಲು ಸಾಲದು. ನಮ್ಮ ಮನೆಗಳಲ್ಲಿ ಅಜ್ಜಿಯೊಡನೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ; ನೆರೆಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ ಉರ್ದುವೋ. 'ಬಲ್ಲ ಭಾಷೆ' ಎಂಬ ಪ್ರಶ್ನೆಗೆ ದುಂಡು ಬಟನ್ನುಗಳನ್ನಿಟ್ಟವನು, ಒಂದನ್ನು ಹೇಳಬೇಕಾದರೆ ಉಳಿದುದನ್ನು ಮರೆಯಬೇಕೆಂದು ನಮಗೆ ವಿಧಿಸುತ್ತಾನೆ. ಹಾಗೆಯೇ 'ಕಲಿಕೆಯ ಮಾಧ್ಯಮ' ಎಂಬಲ್ಲಿ ಚೌಕವನ್ನಿಟ್ಟವನು, ಒಂದು ಮಗು ಎರಡು ಮಾಧ್ಯಮಗಳಲ್ಲಿ ಕಲಿಯುತ್ತದೆಂಬ ಅಸಂಭವವನ್ನೂ, ಯಾವ ಮಾಧ್ಯಮದಲ್ಲಿಯೂ ಇಲ್ಲವೆಂಬ ಅದಕ್ಕಿಂತ ಕೆಟ್ಟ ಅಸಂಭವವನ್ನೂ ದಾಖಲೆಯೊಳಗೆ ಬಿಟ್ಟುಕೊಳ್ಳುತ್ತಾನೆ. ಯಾವ ಆಕಾರವನ್ನು ಆರಿಸಬೇಕೆಂಬುದು ಅಂದಚಂದದ ಪ್ರಶ್ನೆಯಲ್ಲ. ಜನ ಹೇಗಿದ್ದಾರೆಂಬುದನ್ನು ತಿಳಿದವನು ಮಾಡಬೇಕಾದ ತೀರ್ಮಾನ.

ಈಗ ಖಾಲಿ ಚೌಕಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆ ಬಳಸುತ್ತಿದ್ದ ವಿದ್ಯಾರ್ಥಿ ದಾಖಲೆಯ ತಂತ್ರಾಂಶವನ್ನು ಪರಿಶೀಲಿಸುವ ಕೆಲಸ ನನಗೆ ಬಂತು. ಗಡಿಯ ಆಚೆಯದೋ ಈಚೆಯದೋ ಎಂದು ಹೇಳುವುದು ಉಚಿತವಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿಯರ ವಿವರ ತುಂಬುವ ಪರದೆಯ ಕೆಳಮೂಲೆಯಲ್ಲಿ 'ಮಾತೃಭಾಷೆ ಕನ್ನಡ' ಎಂಬ ಒಂದು ಚೌಕವಿತ್ತು. ಹೆಸರು ತುಂಬದಿದ್ದರೆ ತಂತ್ರಾಂಶ ಮುಂದಕ್ಕೆ ಹೋಗಗೊಡುತ್ತಿರಲಿಲ್ಲ. ಹುಟ್ಟಿದ ದಿನ ತಪ್ಪಿದರೆ ಎಚ್ಚರಿಸುತ್ತಿತ್ತು. ಈ ಚೌಕವನ್ನು ಮುಟ್ಟದೆ ಹೋದರೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಜೂನ್ ತಿಂಗಳ ಪ್ರವೇಶದ ಗಡಿಬಿಡಿಯಲ್ಲಿ, ಹೊರಗೆ ಮಳೆ, ಒಳಗೆ ಪೋಷಕರ ಸಾಲು, ಆಗಾಗ ಕೈಕೊಡುವ ವಿದ್ಯುತ್ತು. ಕೆಳಮೂಲೆಯ ಚೌಕವನ್ನು ಯಾರು ನೋಡುತ್ತಾರೆ? ವರ್ಷಾಂತ್ಯದ ವರದಿಯಲ್ಲಿ ಮುಟ್ಟದೆ ಬಿಟ್ಟ ಪ್ರತಿಯೊಂದು ಮಗುವೂ 'ಕನ್ನಡವಲ್ಲ' ಎಂಬ ಕಂಬಸಾಲಿಗೆ ಸೇರಿತ್ತು. ಆ ಮಕ್ಕಳ ತಂದೆತಾಯಿಯರನ್ನು ಯಾರೂ ಕೇಳಿರಲಿಲ್ಲ. ಯಾರೂ ಸುಳ್ಳು ಬರೆದಿರಲೂ ಇಲ್ಲ. ಚೌಕ ಖಾಲಿಯಿತ್ತು, ಅಷ್ಟೇ.

ಇದರ ಬೇರು ಪರದೆಯಲ್ಲಿರಲಿಲ್ಲ, ಅದರ ಕೆಳಗಿನ ದತ್ತಸಂಚಯದಲ್ಲಿತ್ತು. ಆ ತಂತ್ರಾಂಶದ ದಾಖಲೆಗಳಿದ್ದುದು ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಲ್ಲಿ. ಅದರ 'ಯೆಸ್/ನೋ' ಎಂಬ ಕಂಬಸಾಲಿನಲ್ಲಿ ಎರಡೇ ಬೆಲೆಗಳಿಗೆ ಸ್ಥಳ; ಏನೂ ತುಂಬದ ಸ್ಥಿತಿಯನ್ನು ಸೂಚಿಸುವ 'ನಲ್' ಎಂಬ ಶೂನ್ಯಭಾವವನ್ನು ಅದು ಇಟ್ಟುಕೊಳ್ಳಲಾರದು. ಹೊಸ ದಾಖಲೆ ಹುಟ್ಟುವಾಗಲೇ ಅಲ್ಲಿ 'ಇಲ್ಲ' ಎಂದು ಬರೆದಾಗಿರುತ್ತದೆ. ಬೇರೆ ಹಲವು ದತ್ತಸಂಚಯಗಳಲ್ಲಿ ನಲ್‌ಗೆ ಅವಕಾಶವಿದೆ. ಅಲ್ಲಿಯೂ, ಖಾಲಿ ಬಿಟ್ಟರೆ ಸೊನ್ನೆಯೆಂದು ತಿಳಿಯತಕ್ಕದ್ದು ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಪರೀಕ್ಷೆಯಲ್ಲಿ ಸೊನ್ನೆ ಪಡೆದ ಹುಡುಗನೂ ಪರೀಕ್ಷೆಗೇ ಬಾರದ ಹುಡುಗನೂ ಒಂದೇ ಅಲ್ಲವೆಂದು ನಮ್ಮ ಶಾಲೆಯ ಅಂಕಪಟ್ಟಿಗೆ ಗೊತ್ತಿತ್ತು. ಒಬ್ಬನಿಗೆ ಸೊನ್ನೆ ಬರೆಯುತ್ತಿದ್ದರು, ಇನ್ನೊಬ್ಬನಿಗೆ 'ಗೈರು' ಎಂದು ಬರೆಯುತ್ತಿದ್ದರು.

ಹಾಗಾದರೆ ಚೌಕಕ್ಕೆ ಮೂರನೆಯ ಸ್ಥಿತಿಯೊಂದು ಇಲ್ಲವೇ? ಇದೆ. ವಿಂಡೋಸ್‌ನ ಚೌಕವು ಮೊದಲಿನಿಂದಲೂ ಮೂರು ಬೆಲೆಗಳನ್ನು ತಾಳಬಲ್ಲದು: ಖಾಲಿಗೆ 0, ಗುರುತಿಗೆ 1, ಅನಿಶ್ಚಿತಕ್ಕೆ 2. ಮೂರನೆಯದನ್ನು ಬೂದುಬಣ್ಣದ ಗುರುತಾಗಿಯೋ ತುಂಬಿದ ಪುಟ್ಟ ಚೌಕವಾಗಿಯೋ ಅಡ್ಡಗೆರೆಯಾಗಿಯೋ ತೋರಿಸುತ್ತಾರೆ. ಆದರೆ ಅದು ಹುಟ್ಟಿದ್ದು ಬೇರೆ ಉದ್ದೇಶಕ್ಕೆ. ಹತ್ತು ಕಡತಗಳನ್ನು ಒಟ್ಟಿಗೆ ಆರಿಸಿ ಅವುಗಳ ಗುಣಗಳನ್ನು ನೋಡಿದಾಗ ನಾಲ್ಕು ಕಡತಗಳಿಗೆ ಒಂದು ಗುಣವಿದ್ದು ಆರಕ್ಕೆ ಇಲ್ಲದಿದ್ದರೆ, 'ಕೆಲವಕ್ಕೆ ಉಂಟು, ಕೆಲವಕ್ಕೆ ಇಲ್ಲ' ಎಂದು ಹೇಳುವ ಚಿಹ್ನೆ ಅದು. 'ಇನ್ನೂ ಕೇಳಿಲ್ಲ' ಎಂಬ ಅರ್ಥವನ್ನು ಅದರ ಮೇಲೆ ಹೇರಿದರೆ ಗುಮಾಸ್ತನಿಗೆ ತಿಳಿಯುವುದು ಕಷ್ಟ. ವಿಂಡೋಸ್‌ನಲ್ಲಿ ಯಾವುದಾದರೊಂದು ಫೋಲ್ಡರಿನ ಗುಣಗಳನ್ನು ತೆರೆದು ನೋಡಿ. 'ಓದಲು ಮಾತ್ರ' ಎಂಬಲ್ಲಿ ತುಂಬಿದ ಚೌಕವೊಂದು ಕುಳಿತಿರುತ್ತದೆ. ಅದು ಹೌದೆನ್ನುತ್ತಿದೆಯೋ ಇಲ್ಲವೆನ್ನುತ್ತಿದೆಯೋ ತಿಳಿಯದೆ ತಲೆ ಕೆರೆದುಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಪ್ರೋಗ್ರಾಂ ಬರೆಯುವವನಿಗೂ ಅಲ್ಲಿ ಒಂದು ಹೊಂಡ ಕಾದಿದೆ. 2002ರಲ್ಲಿ ಬಂದ ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್‌ನಲ್ಲಿ ಚೌಕಕ್ಕೆ ಎರಡು ಗುಣಗಳಿವೆ: 'ಚೆಕ್ಡ್' ಮತ್ತು 'ಚೆಕ್‌ಸ್ಟೇಟ್'. ಮೂರು ಸ್ಥಿತಿಗಳ ಚೌಕವಾಗಿದ್ದಾಗ ಮೊದಲನೆಯದನ್ನು ಕೇಳಿದರೆ, ಅನಿಶ್ಚಿತಕ್ಕೂ 'ಹೌದು' ಎಂದೇ ಉತ್ತರ ಬರುತ್ತದೆ! ಆ್ಯಕ್ಸೆಸ್‌ನಲ್ಲಿ ನಮ್ಮ ಮೌನ 'ಇಲ್ಲ'ವಾಗುತ್ತದೆ, ಇಲ್ಲಿ ನಮ್ಮ ಸಂದೇಹ 'ಹೌದು' ಆಗುತ್ತದೆ. 2006ರಲ್ಲಿ ಬಂದ ಡಬ್ಲ್ಯುಪಿಎಫ್ ಎಂಬ ಮುಂದಿನ ಪೀಳಿಗೆಯಲ್ಲಿ ಚೌಕದ ಬೆಲೆ ಹೌದು, ಅಲ್ಲ, ನಲ್ ಎಂಬ ಮೂರರಲ್ಲಿ ಒಂದಾಗಿ ನೇರವಾಗಿಯೇ ಬರುತ್ತದೆ. ಅದು ಮೆಚ್ಚತಕ್ಕ ಸುಧಾರಣೆ. ಹಾಗಿದ್ದರೂ ನನ್ನ ಅನುಭವದಲ್ಲಿ, ಉತ್ತರ ಬೇಕೇಬೇಕು ಎನ್ನುವ ಪ್ರಶ್ನೆಗೆ ಚೌಕವನ್ನೇ ಬಳಸದಿರುವುದು ಲೇಸು. 'ಹೌದು', 'ಅಲ್ಲ' ಎಂಬ ಎರಡು ದುಂಡು ಬಟನ್ನುಗಳನ್ನಿಟ್ಟು, ಎರಡರಲ್ಲಿಯೂ ಗುರುತು ಇಲ್ಲದೆ ಪರದೆ ತೆರೆದುಕೊಳ್ಳುವಂತೆ ಮಾಡಿದರೆ ಮುಗಿಯಿತು. ಮುಟ್ಟದಿದ್ದುದು ಮುಟ್ಟದಿದ್ದಂತೆಯೇ ಕಾಣುತ್ತದೆ. ಮೇಲೆ ಹೇಳಿದ ಸಂಸ್ಥೆಗೆ ನಾನು ಸೂಚಿಸಿದುದೂ ಅದನ್ನೇ.

ಸಂಖ್ಯೆಗಳ ಮಾತು ಬಂದುದರಿಂದ ಒಂದು ಸಣ್ಣ ಕತೆ. ವಿಷುವಲ್ ಬೇಸಿಕ್ ಎಂಬ ಭಾಷೆಯಲ್ಲಿ ನಮ್ಮ ದೇಶದ ಕಚೇರಿಗಳ ತಂತ್ರಾಂಶಗಳು ರಾಶಿ ರಾಶಿಯಾಗಿ ಬರೆಯಲ್ಪಟ್ಟವು. 1998ರಲ್ಲಿ ಬಂದ ಅದರ 6ನೆಯ ಆವೃತ್ತಿಯನ್ನು ಅರಿಯದ ಪ್ರೋಗ್ರಾಮರು ನನ್ನ ಓರಗೆಯವರಲ್ಲಿ ಇಲ್ಲವೆಂದೇ ಹೇಳಬಹುದು. ಆ ಭಾಷೆಯಲ್ಲಿ 'ಸತ್ಯ'ದ ಬೆಲೆ -1. ಚೌಕದ ಗುರುತಿನ ಬೆಲೆಯಾದರೋ 1. ಆದುದರಿಂದ 'ಚೌಕದ ಬೆಲೆ ಸತ್ಯವೇ?' ಎಂದು ಹೊಸಬನು ಬರೆದರೆ, ಗುರುತು ಎದುರಿಗೇ ಕಾಣುತ್ತಿದ್ದರೂ ಯಂತ್ರ 'ಅಲ್ಲ' ಎನ್ನುತ್ತಿತ್ತು. ಧನ ಒಂದಕ್ಕೂ ಋಣ ಒಂದಕ್ಕೂ ಇರುವ ಅಂತರವನ್ನು ಏಳನೆಯ ತರಗತಿಯ ಲೆಕ್ಕದ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದು ನನಗೆ ಅಲ್ಲಿ ಉಪಕಾರಕ್ಕೆ ಬಂತು.

ಗುರುತು ಯಾರ ಕೈಯದು ಎಂಬ ಪ್ರಶ್ನೆ ಇದಕ್ಕಿಂತ ಗಹನವಾದುದು. ಚೌಕದ ಸ್ಥಿತಿ ಬದಲಾದಾಗ ಪ್ರೋಗ್ರಾಮಿಗೆ ಒಂದು ಸೂಚನೆ ಹೋಗುತ್ತದೆ. ಆಗ ಮಾಡಬೇಕಾದ ಕೆಲಸವನ್ನು ನಾವು ಅಲ್ಲಿ ಬರೆದಿಡುತ್ತೇವೆ. ತೊಡಕೇನೆಂದರೆ, ಮನುಷ್ಯ ಮೌಸಿನಿಂದ ಒತ್ತಿದರೂ ಅದೇ ಸೂಚನೆ, ಹಳೆಯ ದಾಖಲೆಯೊಂದನ್ನು ತೆರೆಯುವಾಗ ಪ್ರೋಗ್ರಾಮೇ ಚೌಕವನ್ನು ತುಂಬಿದರೂ ಅದೇ ಸೂಚನೆ. ವಿಂಡೋಸ್ ಫಾರ್ಮ್ಸ್‌ನ 'ಚೆಕ್ಡ್‌ಚೇಂಜ್ಡ್' ಹಾಗೆ. ವಿಷುವಲ್ ಬೇಸಿಕ್ 6ರಲ್ಲಿ 'ಕ್ಲಿಕ್' ಎಂಬ ಹೆಸರಿದ್ದರೂ, ಯಾರೂ ಒತ್ತದೆ ಪ್ರೋಗ್ರಾಂ ಬೆಲೆಯನ್ನು ಬದಲಿಸಿದಾಗಲೂ ಅದು ಬರುತ್ತದೆ. 'ಇಂತಹವರು ಇಂತಹ ಹೊತ್ತಿಗೆ ಒಪ್ಪಿಗೆ ಕೊಟ್ಟರು' ಎಂದು ದಾಖಲಿಸುವ ಸಾಲನ್ನು ಅಲ್ಲಿ ಬರೆದಿಟ್ಟರೆ, ಒಬ್ಬ ಗುಮಾಸ್ತ ಹಳೆಯ ಕಡತವನ್ನು ಸುಮ್ಮನೆ ತೆರೆದು ನೋಡಿದ ಮಾತ್ರಕ್ಕೆ ಹೊಸ ಒಪ್ಪಿಗೆಯೊಂದು ಹುಟ್ಟಿಕೊಳ್ಳುತ್ತದೆ! ಈ ಭೇದವನ್ನು ಗುರುತಿಸಿದ ಸಲಕರಣೆಗಳೂ ಇವೆ. ಕ್ಯೂಟಿಯಲ್ಲಿ 'ಟಾಗಲ್ಡ್' ಎಂಬುದು ಎರಡೂ ಸಂದರ್ಭಗಳಲ್ಲಿ ಬರುತ್ತದೆ. ಪ್ರೋಗ್ರಾಂ ಬೆಲೆಯನ್ನು ಬದಲಿಸಿದಾಗ 'ಕ್ಲಿಕ್ಡ್' ಬರುವುದಿಲ್ಲ. ಜಾವಾದ ಸ್ವಿಂಗ್‌ನಲ್ಲಿ 'ಐಟಂ' ಸೂಚನೆ ಪ್ರೋಗ್ರಾಂ ಬದಲಿಸಿದರೂ ಬರುತ್ತದೆ. 'ಆ್ಯಕ್ಷನ್' ಸೂಚನೆ ಹಾಗೆ ಬರುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರು, ಕೊಚ್ಚಿ, ಕೊಲ್ಲಿ ದೇಶಗಳಲ್ಲಿ ಈ ಕಸುಬು ಮಾಡುವವರು ಸಾಕಷ್ಟು ಮಂದಿ ಇದ್ದಾರೆ. ಅವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಹತ್ತಿರದ ಸೂಚನೆಯನ್ನೇ ಹಿಡಿದುಕೊಳ್ಳುವ ಅವಸರ ನಮ್ಮ ಕಸುಬಿನ ದೊಡ್ಡ ರೋಗ.

ಕನ್ನಡದ ಚೌಕಕ್ಕೆ ಇವೆಲ್ಲವನ್ನೂ ಮೀರಿದ ಒಂದು ಅಪಾಯವಿದೆ. ಇಂಗ್ಲಿಷಿನಲ್ಲಿ ನಿಷೇಧದ ಮಾತು ವಾಕ್ಯದ ಮೊದಲಲ್ಲಿಯೇ ಬಂದುಬಿಡುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಯಲ್ಲಿ, 'ಬೇಡ' ಎಂಬುದು ಅದಕ್ಕೂ ಕೊನೆಯಲ್ಲಿ. 'ಪೋಷಕರಿಗೆ ಮಾಹಿತಿ ಕಳುಹಿಸುವುದು ಬೇಡ' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇಂಗ್ಲಿಷ್ ವಾಕ್ಯಕ್ಕೆ ಅಳೆದು ಮಾಡಿದ ಅಗಲದಲ್ಲಿ ಇದು ಹಿಡಿಯುವುದಿಲ್ಲ. ಹಿಡಿಯದೆ ಹೋದರೆ ಕೊನೆಯ ಪದ ಎರಡನೆಯ ಸಾಲಿಗೆ ಇಳಿಯುತ್ತದೆ. ಚೌಕಕ್ಕೆ ಕೊಟ್ಟ ಎತ್ತರ ಒಂದೇ ಸಾಲಿನದಾದರೆ ಆ ಎರಡನೆಯ ಸಾಲು ಕಾಣುವುದೇ ಇಲ್ಲ. ಪರದೆಯ ಮೇಲೆ ಉಳಿಯುವುದು 'ಪೋಷಕರಿಗೆ ಮಾಹಿತಿ ಕಳುಹಿಸುವುದು' ಎಂದಷ್ಟೇ! ಅದನ್ನು ನೋಡಿ, ಕಳುಹಿಸಲಿ ಎಂದು ಗುರುತು ಹಾಕಿದ ತಾಯಿಗೆ ಮಾಹಿತಿ ಎಂದೂ ಬಾರದು. ಇದು ನಾನು ಕಲ್ಪಿಸಿ ಹೇಳುವ ಭಯವಲ್ಲ. ಇಂಥ ಅರ್ಧ ವಾಕ್ಯಗಳನ್ನು ನಾನೇ ಪರದೆಗಳ ಮೇಲೆ ಕಂಡು ತಿದ್ದಿಸಿದ್ದೇನೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವೂ ಅದಕ್ಕೆ 'ತುಂಗಾ' ಎಂಬ ಅಕ್ಷರರೂಪವೂ ದೊರೆತಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅಕ್ಷರ ಮೂಡಿದರಾಯಿತೇ? ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಸ್ಥಳ ಬೇಕು, ವಾಕ್ಯಕ್ಕೆ ಅಗಲ ಬೇಕು. ಅಳತೆಯನ್ನು ಮೊದಲೇ ಕಟ್ಟಿಹಾಕದೆ ವಾಕ್ಯಕ್ಕೆ ತಕ್ಕಂತೆ ಚೌಕದ ಅಗಲ ಹಿಗ್ಗುವಂತೆ ಮಾಡುವುದು ಇಂದು ಎಲ್ಲ ಸಲಕರಣೆಗಳಲ್ಲಿಯೂ ಸಾಧ್ಯ. ಅದಕ್ಕಿಂತ ಮುಖ್ಯವಾಗಿ, ಚೌಕದ ಪಕ್ಕದಲ್ಲಿ ನಿಷೇಧದ ವಾಕ್ಯವನ್ನು ಬರೆಯಲೇಬಾರದು. 'ಪೋಷಕರಿಗೆ ಮಾಹಿತಿ ಕಳುಹಿಸಿ' ಎಂದು ಬರೆದು ಚೌಕವನ್ನು ಖಾಲಿ ಬಿಡಿ. ಬೇಕಾದವರು ಗುರುತು ಹಾಕಲಿ.

ಖಾಲಿ ಬಿಡಿ ಎಂದೆ. ಮೊದಲೇ ಗುರುತು ಹಾಕಿ ಮುಂದಿಡುವ ಚಾಳಿಯನ್ನು ಕಂಪ್ಯೂಟರ್ ಬಳಸುವವರೆಲ್ಲರೂ ಬಲ್ಲರು. ಒಂದು ತಂತ್ರಾಂಶವನ್ನು ಸ್ಥಾಪಿಸಲು ಹೊರಟರೆ, ಕೇಳದ ಇನ್ನೆರಡು ಜೊತೆಗೂಡಿ ಬಂದು ಕೂರುತ್ತಿದ್ದವು. ನೋಡಿದರೆ ಎಲ್ಲೋ ಒಂದು ಚೌಕದಲ್ಲಿ ನಮ್ಮ ಪರವಾಗಿ ಯಾರೋ ಒಪ್ಪಿಗೆ ಹಾಕಿಟ್ಟಿರುತ್ತಿದ್ದರು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2019ರ ಅಕ್ಟೋಬರ್ 1ರಂದು, ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರ ಅಳಿಸದೆ ಬಿಟ್ಟ ಮಾತ್ರಕ್ಕೆ ಅದು ಸಮ್ಮತಿಯಾಗದು ಎಂದು ತೀರ್ಪಿತ್ತಿತು. ಅದು ಅಂತರ್ಜಾಲದ ಕುಕಿಗಳಿಗೆ ಸಂಬಂಧಿಸಿದ ಮೊಕದ್ದಮೆಯಾದರೂ ಚೌಕ ಚೌಕವೇ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ, ಸಮ್ಮತಿಯೆಂಬುದು ಮುಕ್ತವಾಗಿ, ಸ್ಪಷ್ಟವಾದ ಕ್ರಿಯೆಯ ಮೂಲಕ ಕೊಟ್ಟುದಾಗಿರಬೇಕೆಂದು ವಿಧಿಸುತ್ತದೆ. ಆ ಕಾಯಿದೆಯಲ್ಲಿ ಗಡಿನಾಡಿನವರು ಕಣ್ಣಿಗೊತ್ತಿಕೊಳ್ಳಬೇಕಾದ ಇನ್ನೊಂದು ಮಾತಿದೆ: ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕೇಳಲ್ಪಟ್ಟವನಿಗೆ ಕೊಡಬೇಕು. ಅಲ್ಲಿ ರಾಜ್ಯದ ಗಡಿಯ ಉಲ್ಲೇಖವಿಲ್ಲ. ಕನ್ನಡ ಆ ಅನುಸೂಚಿಯಲ್ಲಿದೆ. ತಲಪಾಡಿಯ ಈಚೆಗಿದ್ದರೂ ಆಚೆಗಿದ್ದರೂ ಆ ಚೌಕದ ಪಕ್ಕದ ವಾಕ್ಯವನ್ನು ಕನ್ನಡದಲ್ಲಿ ಕೇಳಿ ಪಡೆಯಲು ನಮಗೆ ದಾರಿಯಿದೆ. ಹಾಗೆ ಬರೆದ ವಾಕ್ಯದ 'ಬೇಡ' ಮರೆಯಾಗದಂತೆ ನೋಡಿಕೊಳ್ಳುವ ಕೆಲಸ ನಮ್ಮವರದೇ.

ಇಷ್ಟೆಲ್ಲ ಮಾಡಹೊರಟರೆ ಕಚೇರಿಯ ಕೆಲಸ ನಿಧಾನವಾಗದೇ ಎಂದು ಅಧ್ಯಾಪಕ ಮಿತ್ರರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ರತಿ ಮಗುವಿಗೂ ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳಬೇಕಾಗುತ್ತದೆ, ನಿಜ. ಮೌಸಿಗೆ ಕೈ ಹಾಕುವ ಅಗತ್ಯವೂ ಇಲ್ಲ; ಟ್ಯಾಬ್ ಕೀಲಿಯಿಂದ ಬಟನ್ನುಗಳಿಗೆ ಬಂದು ಸ್ಪೇಸ್ ಬಾರ್ ಒತ್ತಿದರೆ ಗುರುತು ಬೀಳುತ್ತದೆ. ಎದುರಿಗೆ ಕುಳಿತ ತಂದೆಯನ್ನೋ ತಾಯಿಯನ್ನೋ ತಲೆಯೆತ್ತಿ ನೋಡಿ, "ಮನೆಯಲ್ಲಿ ಯಾವ ಭಾಷೆ?" ಎಂದು ಕೇಳುವುದಕ್ಕೆ ಹಿಡಿಯುವಷ್ಟೇ ಸಮಯ. ನಮ್ಮ ಶಾಲೆಯ ಕಚೇರಿಗೆ ಹೊಸ ತಂತ್ರಾಂಶವನ್ನು ತರಿಸುವ ಮಾತು ಆಡಳಿತ ಸಮಿತಿಯಲ್ಲಿ ನಡೆಯುತ್ತಿದೆಯೆಂದು ಕೇಳಿದ್ದೇನೆ. ಅದನ್ನು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ: ಹೊಸ ಮಗುವಿನ ಹೆಸರು, ಹುಟ್ಟಿದ ದಿನ ಮಾತ್ರ ತುಂಬಿ, ಉಳಿದುದನ್ನೆಲ್ಲ ಮುಟ್ಟದೆ ಉಳಿಸಲು ನೋಡಿ. ತಂತ್ರಾಂಶ ಎಲ್ಲಿಯೂ ತಡೆಯದೆ ಒಪ್ಪಿಕೊಂಡರೆ, ಮಾಧ್ಯಮವಾರು ವರದಿಯನ್ನು ತೆರೆದು ಆ ಮಗು ಯಾವ ಕಂಬಸಾಲಿಗೆ ಸೇರಿದೆಯೆಂದು ಹುಡುಕಿ. ಪರೀಕ್ಷಿಸಲು ಜೊತೆಗೊಬ್ಬರು ಬೇಕಿದ್ದರೆ ರಜೆಯಲ್ಲಿ ಊರಿಗೆ ಬಂದಾಗ ನಾನೂ ಬಂದು ಕುಳಿತುಕೊಳ್ಳುತ್ತೇನೆ.